ಕರಗಿದ ಉಪ್ಪು ಮತ್ತು ಲೋಹದ ಕಂಬಿ

ನಮ್ಮ ದಾವಣಗೆರೆ ಸೀಮೆಯಲ್ಲಿ, ಕುಕ್ಕುವಾಡದಂಥ ಊರುಗಳ ಪಂಪ್‌ಸೆಟ್ಟಿನ ಮನೆಗಳ ಪಕ್ಕದಲ್ಲಿ ಒಂದು ಗುಂಡಿಯನ್ನು ಕಾಣಬಹುದು. ಅದರ ನಡುವೆ ಕಬ್ಬಿಣದ ಕೊಳವೆಯೊಂದನ್ನು ನಿಲ್ಲಿಸಿ ಸುತ್ತಲೂ ಉಪ್ಪು, ಇದ್ದಲು ತುಂಬಿರುತ್ತಾರೆ. ಬೇಸಿಗೆ ಬಂದಿತೆಂದರೆ ಅದಕ್ಕೆ ಒಂದೆರಡು ಕೊಡ ನೀರು ಹೊಯ್ಯುವುದುಂಟು. ಉಪ್ಪು ಒಣಗಿದರೆ ಕರೆಂಟು ಭೂಮಿಗೆ ಇಳಿಯುವುದಿಲ್ಲ ಎಂಬುದು ರೈತರ ತಿಳಿವಳಿಕೆ. ಅದು ಶಾಸ್ತ್ರಸಮ್ಮತವೇ ಆಗಿದೆ.

ಉಪ್ಪಿನ ಹರಳಿನಲ್ಲಿ ವಿದ್ಯುದಂಶವುಳ್ಳ ಕಣಗಳು, ಅಂದರೆ ಅಯಾನುಗಳು, ತುಂಬಿವೆ. ಆದರೆ ಅವು ತಮ್ಮ ತಮ್ಮ ಸ್ಥಾನದಲ್ಲಿ ಬಿಗಿದು ಕುಳಿತಿವೆ. ನೀರು ಅವನ್ನು ಬಿಡಿಸುತ್ತದೆ. ನೀರು ಮಾಡುವ ಈ ಕೆಲಸವನ್ನು ಬೆಂಕಿಯೂ ಮಾಡಬಲ್ಲದು. 801 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಡುಗೆಯ ಉಪ್ಪು ಕರಗಿ ನೀರಿನಂತೆ ತಿಳಿಯಾಗುತ್ತದೆ. ಆಗ ಅದು ಸಮುದ್ರದ ನೀರಿಗಿಂತ ಹಲವು ಹತ್ತು ಪಟ್ಟು ಚೆನ್ನಾಗಿ ವಿದ್ಯುತ್ತನ್ನು ಒಯ್ಯುತ್ತದೆ. ಕುಕ್ಕುವಾಡದ ಕಾರ್ಖಾನೆಯ ಸಕ್ಕರೆಯನ್ನು ಕರಗಿಸಿ ನೋಡಿ: ಅದು ಪಾಕವಾದೀತು, ಕರಿಕಾದೀತು, ವಿದ್ಯುತ್ತನ್ನು ಮಾತ್ರ ಒಯ್ಯದು. ನೋಟಕ್ಕೆ ಎರಡೂ ಬಿಳಿಯ ಹರಳೇ. ಆದರೆ ಸಕ್ಕರೆಯಲ್ಲಿ ಅಯಾನುಗಳಿಲ್ಲ.

ಕರಗಿದ ಉಪ್ಪಿನಲ್ಲಿ ಎರಡು ಲೋಹದ ಕಂಬಿಗಳನ್ನು ಅದ್ದಿ ವಿದ್ಯುತ್ ಹರಿಸಿದರೆ ಏನಾಗುತ್ತದೆ? ಲೋಹದಲ್ಲಿ ಸಂಚರಿಸುವವು ಎಲೆಕ್ಟ್ರಾನುಗಳು, ಉಪ್ಪಿನಲ್ಲಿ ಅಯಾನುಗಳು. ಸೇತುವೆಯಿಲ್ಲದ ಕಾಲದಲ್ಲಿ ತುಂಗಭದ್ರೆಯ ದಡಕ್ಕೆ ಬಂದವರು ಗಾಡಿಯಿಂದಿಳಿದು ದೋಣಿ ಹತ್ತಬೇಕಾಗಿತ್ತಲ್ಲವೆ? ಹಾಗೆಯೇ ಇಲ್ಲಿ ಕಂಬಿಯ ಮೈಮೇಲೆ ವಾಹನ ಬದಲಾಗಬೇಕು. ಋಣಾಗ್ರದಲ್ಲಿ ಅಯಾನು ಎಲೆಕ್ಟ್ರಾನನ್ನು ಪಡೆದು ಲೋಹವಾಗುತ್ತದೆ. ಧನಾಗ್ರದಲ್ಲಿ ಎಲೆಕ್ಟ್ರಾನನ್ನು ಒಪ್ಪಿಸಿ ಅನಿಲವಾಗುತ್ತದೆ, ಅಥವಾ ಕಂಬಿಯೇ ಸವೆದು ಉಪ್ಪಿಗೆ ಇಳಿಯುತ್ತದೆ. ಈ ಬದಲಾವಣೆಗೆ ತೆರಬೇಕಾದ ಸುಂಕವನ್ನೇ ನಾವು ವೋಲ್ಟುಗಳಲ್ಲಿ ಅಳೆಯುವುದು.

ಪ್ರವಾಹದ ದಿಕ್ಕು ಕ್ಷಣಕ್ಷಣಕ್ಕೂ ತಿರುಗುತ್ತಿದ್ದರೆ ಲೋಹ ಬೇರ್ಪಟ್ಟು ಕೂರಲು ಬಿಡುವೇ ಇಲ್ಲ; ಶಾಖವಷ್ಟೇ ಹುಟ್ಟುತ್ತದೆ. ಯಂತ್ರಗಳ ಹಲ್ಲುಗಾಲಿಗಳನ್ನು ಗಡುಸುಗೊಳಿಸುವ ಉಪ್ಪಿನ ಕುಲುಮೆಗಳು ಈ ತತ್ತ್ವದವು. 1941ರಿಂದ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ಹಳೆಯ ಕೆಲಸಗಾರರಿಗೆ ಗಡುಸುಗೊಳಿಸುವ ಈ ವಿದ್ಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ದಿಕ್ಕಿನ ಪ್ರವಾಹದ ಕಥೆ ಬೇರೆ. 1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ಕರಗಿದ ಪೊಟ್ಯಾಷ್ ಮೂಲಕ ವಿದ್ಯುತ್ ಹರಿಸಿ ಪೊಟ್ಯಾಸಿಯಂ ಎಂಬ ಹೊಸ ಲೋಹವನ್ನು ಕಂಡನು. ಇಂಥ ಲೋಹಗಳನ್ನು ನೀರಿನ ದ್ರಾವಣದಿಂದ ತೆಗೆಯಲಾಗದು. ಅವುಗಳಿಗಿಂತ ಮೊದಲು ನೀರೇ ಒಡೆದು ಜಲಜನಕ ಹೊರಬೀಳುತ್ತದೆ. ಅಲ್ಯುಮಿನಿಯಮ್ಮಿನದೂ ಇದೇ ಪಾಡು. ಅದರ ಆಕ್ಸೈಡಾದ ಅಲ್ಯುಮಿನವನ್ನು ನೇರವಾಗಿ ಕರಗಿಸೋಣವೆಂದರೆ 2000 ಡಿಗ್ರಿಗೂ ಮೀರಿದ ಶಾಖ ಬೇಕು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರು ಎಂಬಿಬ್ಬರು ಒಬ್ಬರನ್ನೊಬ್ಬರು ಅರಿಯದೆಯೇ ಉಪಾಯ ಕಂಡರು: ಕ್ರಯೊಲೈಟ್ ಎಂಬ ಲವಣವನ್ನು ಕರಗಿಸಿ ಅದರಲ್ಲಿ ಅಲ್ಯುಮಿನವನ್ನು ಬೆರೆಸಿದರೆ 960 ಡಿಗ್ರಿಯೇ ಸಾಕು.

ಕರ್ನಾಟಕದಲ್ಲಿ ಈ ವಿದ್ಯೆ ನಡೆದದ್ದು ಬೆಳಗಾವಿಯಲ್ಲಿ. ಶರಾವತಿಯ ಜಲವಿದ್ಯುತ್ತು ನಾಡಿಗೆ ದೊರೆಯತೊಡಗಿದ ಕೆಲವೇ ವರ್ಷಗಳಲ್ಲಿ, 1970ರ ಆಸುಪಾಸಿಗೆ, ಇಂಡಿಯನ್ ಅಲ್ಯುಮಿನಿಯಂ ಕಂಪನಿಯ ಕಾರ್ಖಾನೆ ಅಲ್ಲಿ ನೆಲೆಗೊಂಡಿತು. ಇಂಥ ಕಾರ್ಖಾನೆಗಳ ಕುಲುಮೆಯ ತಳದಲ್ಲಿ ಕರಗಿದ ಅಲ್ಯುಮಿನಿಯಂ ಕೆರೆಯಂತೆ ನಿಂತಿರುತ್ತದೆ. ಅದು ಲವಣಕ್ಕಿಂತ ತುಸು ಭಾರ. ವಿಚಿತ್ರವೆಂದರೆ ಹುಟ್ಟಿದ ಲೋಹವೇ ಮುಂದೆ ಹುಟ್ಟುವ ಲೋಹಕ್ಕೆ ಋಣಾಗ್ರವಾಗುತ್ತದೆ.

ಕಷ್ಟವಿರುವುದು ಧನಾಗ್ರದಲ್ಲಿ. ಅಲ್ಲಿ ಹೊರಬರುವುದು ಆ ಶಾಖದ ಆಮ್ಲಜನಕ. ಸಾಮಾನ್ಯವಾಗಿ ಲೋಹಗಳು ಆಕ್ಸೈಡಿನ ತೆಳುಪೊರೆಯನ್ನು ಹೊದ್ದು ತಮ್ಮನ್ನು ಕಾಪಾಡಿಕೊಳ್ಳುತ್ತವೆ. ಆದರೆ ಕ್ರಯೊಲೈಟನ್ನು ನಾವು ಆರಿಸಿದ್ದೇ ಆಕ್ಸೈಡನ್ನು ಕರಗಿಸುತ್ತದೆಂದು! ಅಲ್ಯುಮಿನವನ್ನು ಕರಗಿಸುವ ಆ ಗುಣವೇ ಕಂಬಿಯ ಕವಚವನ್ನೂ ಕರಗಿಸಿಬಿಡುತ್ತದೆ. ಆದ್ದರಿಂದ ಅಲ್ಲಿ ಲೋಹಕ್ಕೆ ಬದಲು ಇಂಗಾಲದ ದಿಮ್ಮಿಗಳನ್ನು ಇಳಿಬಿಡುತ್ತಾರೆ. ಅವು ಉರಿದು ಇಂಗಾಲಾಮ್ಲವಾಗುತ್ತ, ಒಂದು ಕಿಲೋ ಲೋಹಕ್ಕೆ ಸುಮಾರು 400 ಗ್ರಾಮಿನಂತೆ ಸವೆಯುತ್ತವೆ.

ಲವಣದಲ್ಲಿ ಅಲ್ಯುಮಿನ ತೀರಿಹೋದರೆ ಇನ್ನೊಂದು ಆಟ ನಡೆಯುತ್ತದೆ. ದಿಮ್ಮಿಯ ಅಡಿಯನ್ನು ಅನಿಲದ ಪೊರೆ ಆವರಿಸಿ ಪ್ರವಾಹಕ್ಕೆ ಅಡ್ಡ ನಿಲ್ಲುತ್ತದೆ. ನಾಲ್ಕು ವೋಲ್ಟಿನಷ್ಟಿದ್ದ ಒತ್ತಡ ಒಮ್ಮೆಲೇ ಮೂವತ್ತು ದಾಟುತ್ತದೆ. ಹಿಂದೆ ಕುಲುಮೆಗಳಿಗೆ ಒಂದೊಂದು ಬಲ್ಬು ಜೋಡಿಸಿರುತ್ತಿದ್ದರು. ಎಂದಿನ ಒತ್ತಡದಲ್ಲಿ ಮಂಕಾಗಿರುವ ಬಲ್ಬು ಆಗ ಝಗ್ಗನೆ ಹೊತ್ತಿಕೊಳ್ಳುತ್ತಿತ್ತು. ಕೆಲಸಗಾರ ಓಡಿಬಂದು ಅಲ್ಯುಮಿನ ಸುರಿಯುತ್ತಿದ್ದ. ಕಂಬಿಯ ಮೈಮೇಲಿನ ಕಣ್ಣಿಗೆ ಕಾಣದ ವ್ಯವಹಾರವನ್ನು ಇಷ್ಟು ಸರಳವಾಗಿ ತೋರಿಸುವ ಉಪಕರಣ ಇನ್ನೊಂದಿರಲಾರದು.

ಒಂದು ಕಿಲೋ ಅಲ್ಯುಮಿನಿಯಮ್ಮಿಗೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಐದು ಅಶ್ವಶಕ್ತಿಯ ಪಂಪ್‌ಸೆಟ್ಟು ಹೆಚ್ಚುಕಡಿಮೆ ನಾಲ್ಕು ಗಂಟೆ ನೀರೆತ್ತುವುದೂ ಇಷ್ಟರಲ್ಲೇ. ಕರೆಂಟು ಹೋದರೆ ನಮ್ಮ ಪಂಪು ಕಾಯುತ್ತದೆ, ಬಂದಾಗ ಮತ್ತೆ ಓಡುತ್ತದೆ. ಕುಲುಮೆ ಕಾಯುವುದಿಲ್ಲ. ಕೆಲವು ಗಂಟೆ ಪ್ರವಾಹ ನಿಂತರೆ ಲವಣವೂ ಲೋಹವೂ ಹೆಪ್ಪುಗಟ್ಟಿ ಕಲ್ಲಾಗುತ್ತವೆ. ಬೆಳಗಾವಿಯಲ್ಲಿ ಇಂದು ಅಲ್ಯುಮಿನ ತಯಾರಾಗುತ್ತದೆ. ಅದರಿಂದ ಲೋಹ ತೆಗೆಯುವ ಕುಲುಮೆಗಳು ಅಲ್ಲಿಲ್ಲ.

ಸವೆಯದ ಲೋಹದ ಧನಾಗ್ರವೊಂದು ಸಿಕ್ಕೀತೆ ಎಂದು ಕೆನಡಾದಲ್ಲಿಯೂ ರಷ್ಯಾದಲ್ಲಿಯೂ ದೊಡ್ಡ ಪ್ರಮಾಣದ ಪ್ರಯೋಗಗಳು ನಡೆದಿವೆ. ಸಿಕ್ಕರೆ ಚಿಮಣಿಯಿಂದ ಇಂಗಾಲಾಮ್ಲದ ಬದಲು ಆಮ್ಲಜನಕ ಹೊರಡುತ್ತದೆ. ಆದರೆ ಇಂಗಾಲ ತಾನು ಉರಿದು ವಿದ್ಯುತ್ತಿನ ಭಾರವನ್ನು ಒಂದಿಷ್ಟು ಹೊರುತ್ತಿತ್ತು. ಅದಿಲ್ಲದಿದ್ದರೆ ಅಲ್ಯುಮಿನವನ್ನು ಒಡೆಯಲು 1.2 ವೋಲ್ಟಿಗೆ ಬದಲಾಗಿ 2.2 ವೋಲ್ಟ್ ಬೇಕು. ಈ ಹೆಚ್ಚಿನ ಒಂದು ವೋಲ್ಟನ್ನು ವಿದ್ಯುದಗ್ರಗಳ ನಡುವಿನ ಅಂತರ ತಗ್ಗಿಸಿ ಉಳಿಸಬಹುದೇ ಎಂಬುದು ಈಗ ನಡೆದಿರುವ ಲೆಕ್ಕಾಚಾರ.