ಒಂದು ರೂಪಾಯಿಯ ವಿಮಾನ



ಗಡಿನಾಡಿನ ನಮ್ಮ ಊರುಗಳ ಮೇಲೆ ವಿಮಾನಗಳು ದಿನವೂ ಹಾರಿಹೋಗುತ್ತವೆ. ಮಕ್ಕಳು ಅಂಗಳಕ್ಕೆ ಓಡಿಬಂದು ಕೈಬೀಸುತ್ತಾರೆ. ಆದರೆ ಬಹುಮಟ್ಟಿಗೆ ಅವು ನಮ್ಮಲ್ಲಿ ಇಳಿಯುವುದಿಲ್ಲ. ಏಕೆ? ಸಣ್ಣ ಊರಿನ ಜನಕ್ಕೆ ವಿಮಾನ ಬೇಡವೆ? ಬೇಕು ಎಂದು ನಂಬಿ ಕೈಹಾಕಿದ ಕನ್ನಡಿಗರೊಬ್ಬರ ಕಥೆಯನ್ನು ಇಂದು ನೋಡೋಣ.

ಅವರು ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದವರು. ಸೈನ್ಯದಲ್ಲಿದ್ದು 1971ರ ಯುದ್ಧ ಕಂಡವರು. ಆಮೇಲೆ ಊರಿಗೆ ಮರಳಿ ಬೇಸಾಯ ಮಾಡಿ, ರೇಷ್ಮೆ ಬೆಳೆದರು. 1997ರಲ್ಲಿ ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ಕಂಪನಿ ಕಟ್ಟಿದರು. 2003ರ ಆಗಸ್ಟಿನಲ್ಲಿ 'ಏರ್ ಡೆಕ್ಕನ್' ಹಾರಿತು. ಹುಬ್ಬಳ್ಳಿ, ಮಂಗಳೂರುಗಳು ಅದರ ಮೊದಲ ಊರುಗಳ ಸಾಲಿನಲ್ಲಿದ್ದವು. ಆರ್. ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'ನೇ ಅದರ ಗುರುತು.

ಆರಂಭದ ವಿಮಾನಗಳು ಎಟಿಆರ್ ಎಂಬ, ರೆಕ್ಕೆಯಲ್ಲಿ ಪಂಖ ತಿರುಗುವ ಚಿಕ್ಕ ವಿಮಾನಗಳು. ಒಂದರಲ್ಲಿ ಐವತ್ತರ ಹತ್ತಿರ ಆಸನ. ಇವಕ್ಕೆ ಉದ್ದನೆಯ ರನ್‌ವೇ ಬೇಡ. ಹತ್ತಿರದ ಊರುಗಳ ನಡುವೆ ಜೆಟ್ ವಿಮಾನಕ್ಕಿಂತ ಕಡಿಮೆ ಇಂಧನ ಸಾಕು. ಚಿಕ್ಕ ವಿಮಾನದ ಇಂಧನಕ್ಕೆ ಮಾರಾಟ ತೆರಿಗೆಯಲ್ಲೂ ರಿಯಾಯಿತಿಯಿತ್ತು.

ಹಾಗಾದರೆ ಒಂದು ರೂಪಾಯಿಯ ಟಿಕೆಟ್ ಹೇಗೆ? ಬಸ್ಸು ಹೊರಟ ಮೇಲೆ ಖಾಲಿ ಸೀಟಿಗೆ ಬೆಲೆಯಿಲ್ಲ. ವಿಮಾನಕ್ಕೂ ಅದೇ ಲೆಕ್ಕ. ಆದ್ದರಿಂದ ತುಂಬ ಮುಂಚೆ ಕಾದಿರಿಸಿದ ಕೆಲವರಿಗೆ ಮಾತ್ರ ಆ ದರ, ತೆರಿಗೆ ಮತ್ತು ಶುಲ್ಕ ಬೇರೆ. ದಿನ ಹತ್ತಿರವಾದಂತೆ ದರ ಏರುತ್ತಿತ್ತು. ಪುಕ್ಕಟೆ ಊಟವಿಲ್ಲ, ನೀರಿಗೂ ಕಾಸು. ಟಿಕೆಟ್ ಅಂತರಜಾಲದಲ್ಲಿ ಮಾತ್ರವಲ್ಲ, ಅಂಚೆ ಕಚೇರಿ, ಪೆಟ್ರೋಲ್ ಬಂಕುಗಳಲ್ಲೂ ಸಿಗುತ್ತಿತ್ತು. ವಿಮಾನ ನೆಲದಲ್ಲಿ ನಿಂತಷ್ಟೂ ನಷ್ಟ. ಆದ್ದರಿಂದ ಇಳಿದದ್ದು ಬೇಗ ಏರಬೇಕು.

2007ರ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ಊರುಗಳಿಗೆ ಸೇವೆ ಹಬ್ಬಿತ್ತು. ಆದರೆ ಲೆಕ್ಕ ಹೊಂದಲಿಲ್ಲ. ದೊಡ್ಡ ಏರ್‌ಬಸ್ ವಿಮಾನಗಳನ್ನು ತಂದು ಮಹಾನಗರಗಳ ಪೈಪೋಟಿಗೆ ಇಳಿದಾಗ ಹೊಸ ಅಗ್ಗದ ಕಂಪನಿಗಳೂ ಎದುರಾದವು. ಇಂಧನದ ಬೆಲೆ ಏರಿತು. ನಷ್ಟ ಬೆಳೆಯಿತು. 2007ರಲ್ಲಿ ವಿಜಯ ಮಲ್ಯರ ಯುಬಿ ಗುಂಪು ಶೇಕಡ 26ರಷ್ಟು ಪಾಲು ಕೊಂಡಿತು. ವಿದೇಶಕ್ಕೆ ಹಾರಲು ದೇಶದೊಳಗೆ 5 ವರ್ಷ ಸೇವೆ ನಡೆಸಿರಬೇಕೆಂಬ ನಿಯಮ ಆಗ ಇತ್ತು. ಡೆಕ್ಕನ್ನಿನ 5 ವರ್ಷ ಕಿಂಗ್‌ಫಿಷರ್‌ಗೆ ಉಪಯೋಗಕ್ಕೆ ಬಂತು. 2008ರಲ್ಲಿ ಹೆಸರು 'ಕಿಂಗ್‌ಫಿಷರ್ ರೆಡ್' ಆಯಿತು. 2011ರಲ್ಲಿ ಆ ಅಗ್ಗದ ಸೇವೆಯನ್ನು ಕೈಬಿಡುವುದಾಗಿ ಕಂಪನಿ ಸಾರಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು.

ಪಾಠ ಮಾತ್ರ ಉಳಿಯಿತು. 2016ರಲ್ಲಿ ಸರ್ಕಾರ 'ಉಡಾನ್' ಯೋಜನೆ ತಂದಿತು. ಸಣ್ಣ ಊರಿನ ಹಾರಾಟದಲ್ಲಿ ಸುಮಾರು ಅರ್ಧದಷ್ಟು ಆಸನಗಳಿಗೆ ದರದ ಮಿತಿ: ಒಂದು ಗಂಟೆಯ ಪ್ರಯಾಣಕ್ಕೆ ಆರಂಭದಲ್ಲಿ 2,500 ರೂಪಾಯಿ. ಕೊರತೆಯನ್ನು 3 ವರ್ಷ ಸರ್ಕಾರ ತುಂಬಿಕೊಡುವ ಏರ್ಪಾಡು ಆಗ ಇತ್ತು. 2019ರ ಜನವರಿಯಲ್ಲಿ 50 ಆಸನದ ವಿಮಾನದೊಂದಿಗೆ ಸ್ಟಾರ್ ಏರ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಅದೇ ವರ್ಷ ನವೆಂಬರಿನಲ್ಲಿ ಕಲಬುರಗಿ ನಿಲ್ದಾಣ ತೆರೆಯಿತು.

ಸೊಲ್ಲಾಪುರದ ಶ್ರೋತೃಗಳಿಗೆ ಇನ್ನೊಂದು ಸಂಗತಿ ಚೆನ್ನಾಗಿ ಗೊತ್ತು. ನಿಲ್ದಾಣವಿತ್ತು, ರನ್‌ವೇ ಇತ್ತು. ಇಳಿಯುವ ದಾರಿಗೆ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿ ಅಡ್ಡವಾಗಿತ್ತು. ಕಬ್ಬು ಬೆಳೆಗಾರರ ವಿರೋಧದ ನಡುವೆ 2023ರ ಜೂನಿನಲ್ಲಿ ಅದನ್ನು ಉರುಳಿಸಲಾಯಿತು. 2025ರ ಜೂನಿನಲ್ಲಿ ಗೋವಾದಿಂದ ವಿಮಾನ ಬಂದಿಳಿಯಿತು. ಒಬ್ಬರ ಹಾದಿ ತೆರೆಯಲು ಇನ್ನೊಬ್ಬರು ತೆತ್ತ ಬೆಲೆಯನ್ನು ಮರೆಯಬಾರದು.

ಮುಂದೆ ನಿಮ್ಮೂರಿಗೆ ವಿಮಾನ ಬರುತ್ತದೆ ಎಂಬ ಸುದ್ದಿ ಕೇಳಿದರೆ, ಸಂತೋಷಪಡಿ. ಜೊತೆಗೆ ಒಂದು ಪ್ರಶ್ನೆ ಕೇಳಿ: ಸರ್ಕಾರದ ನೆರವು ಮುಗಿದ ಮೇಲೂ ಅದು ಬರುತ್ತದೆಯೆ? ಉತ್ತರ ಆಸನ ತುಂಬುವ ನಿಮ್ಮ ಕೈಯಲ್ಲೂ ಇದೆ.