ರಜಾಯಿಯ ಬಿಸುಪು
ಅರಳೆಯ ರಜಾಯಿ ಹೊದ್ದರೆ ಬೆಚ್ಚಗಾಗುವುದೇಕೆ? ಅರಳೆಗೆ ತನ್ನದೇ ಬಿಸಿಯಿಲ್ಲ. ಎಳೆಗಳ ನಡುವೆ ಅಲುಗದೆ ನಿಂತ ಗಾಳಿ ನಿಮ್ಮ ಮೈಯ ಕಾವನ್ನು ಹೊರಹೋಗದಂತೆ ತಡೆಯುತ್ತದೆ. ಬೆವರೂ ಮಳೆಗಾಲದ ತೇವವೂ ಸೇರಿದರೆ ಅರಳೆ ಗಂಟುಕಟ್ಟುತ್ತದೆ. ಗಾಳಿಗೆ ಎಡೆ ಉಳಿಯುವುದಿಲ್ಲ. ಆಗ ಹೊದಿಕೆ ಭಾರವಾಗಿದ್ದರೂ ಚಳಿ ತಡೆಯದು.

ಆದ್ದರಿಂದ ರಜಾಯಿಗೆ ಗವಸು ಹಾಕಿರಿ. ಒಗೆಯಬೇಕಾದುದು ಗವಸನ್ನು, ಅರಳೆಯನ್ನಲ್ಲ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಬಿಸಿಲಿಗೆ ಹರವಿ, ಮಗುಚಿ, ಮೆಲ್ಲಗೆ ಕೊಡವಿರಿ. ಮಡಿಸಿಟ್ಟ ರಜಾಯಿಯ ಮೇಲೆ ಪೆಟ್ಟಿಗೆ ಹೇರಬೇಡಿರಿ.

ಇಷ್ಟಾದರೂ ಗಂಟು ಉಳಿದರೆ ಬಿಸಾಡಬೇಡಿರಿ. ಹೊಲಿಗೆ ಬಿಚ್ಚಿ ಅರಳೆಯನ್ನು ಹಿಂಜಿಸಿರಿ. ಹಿಂದೆ ಪಿಂಜಾರರ ಬಿಲ್ಲು ಮಾಡುತ್ತಿದ್ದ ಈ ಕೆಲಸವನ್ನು ಈಗ ಬಹುಮಟ್ಟಿಗೆ ಯಂತ್ರ ಮಾಡುತ್ತದೆ. ಹಳೆಯ ಅರಳೆ ಮತ್ತೆ ಅರಳುತ್ತದೆ. ಹೊಸ ರಜಾಯಿಯ ಖರ್ಚೂ ಉಳಿಯುತ್ತದೆ.