ನೀರಿನ ಮಟ್ಟವೂ ಹೊಲದ ಮಟ್ಟವೂ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಬೀಚನಹಳ್ಳಿಯ ಬಳಿ ಕಬಿನಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ತುಂಬಿದಾಗ ಅದು ಹಿಡಿಯುವ ನೀರು ಸುಮಾರು ಹತ್ತೊಂಬತ್ತೂವರೆ ಟಿ.ಎಂ.ಸಿ., ಎಂದರೆ 1,950 ಕೋಟಿ ಘನ ಅಡಿ. ಆದರೂ ಅದೇ ತಾಲ್ಲೂಕಿನ ದಿಬ್ಬದ ಹೊಲಗಳಲ್ಲಿ ರಾಗಿಯೂ ಹತ್ತಿಯೂ ಮುಗಿಲನ್ನೇ ನಂಬಿ ನಿಂತಿರುತ್ತವೆ. ಕಾಲುವೆಯ ನೀರು ಇಳಿಜಾರನ್ನು ಹಿಡಿದು ಹರಿಯತಕ್ಕದ್ದು. ಆದುದರಿಂದ ಕಬಿನಿಯ ನೀರಿನ ಬಹುಪಾಲು ಕೆಳಗಿನ ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಗೆ ಸಾಗುತ್ತದೆ. ನೀರು ಎಷ್ಟಿದೆ ಎಂಬ ಪ್ರಶ್ನೆಗೂ ಮೊದಲು, ಅದು ಹೊಲಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಕೇಳಬೇಕು.

ಕೃಷ್ಣರಾಜನಗರದ ರೈತನು ಈ ವಿಷಯದಲ್ಲಿ ಭಾಗ್ಯವಂತನು. ಹಿಂದೆ ಎಡತೊರೆ ಎನಿಸಿಕೊಂಡಿದ್ದ ಆ ಪ್ರದೇಶದಲ್ಲಿ ಕಾವೇರಿಗೆ ಹಳೆಯ ಕಾಲದ ಅಣೆಗಳಿವೆ. ಅಣೆಯು ನೀರನ್ನು ಕೂಡಿಡುವುದಿಲ್ಲ. ಹೊಳೆಯ ಮಟ್ಟವನ್ನು ಸ್ವಲ್ಪ ಎತ್ತರಿಸಿ ಕಾಲುವೆಗೆ ತಿರುಗಿಸುತ್ತದೆ, ಅಷ್ಟೆ. ನದಿಯು ಹರಿಯುತ್ತಿರುವವರೆಗೆ ಅಷ್ಟೇ ಸಾಕು. ಹುಣಸೂರಿನ ಲಕ್ಷ್ಮಣತೀರ್ಥದ ಮೇಲೆ ಹನಗೋಡಿನಲ್ಲಿಯೂ ಅಂತಹುದೇ ಅಣೆಯುಂಟು. ಆದರೆ ಕೊಡಗಿನಿಂದ ಬರುವ ಆ ಹೊಳೆ ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಬಡವಾಗುತ್ತದೆ. ಅಂತಹ ಕಡೆ ನೀರನ್ನು ತಿರುಗಿಸಿದರೆ ಸಾಲದು, ಕೂಡಿಡಲೂ ಬೇಕು.

ಪಿರಿಯಾಪಟ್ಟಣದಲ್ಲಿ ಮುತ್ತಿನ ಮುಳುಸೋಗೆಯ ಬಳಿ ಕಾವೇರಿಯ ನೀರನ್ನು ಯಂತ್ರದಿಂದ ಎತ್ತಿ ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಕೈಗೊಂಡರು. ಎತ್ತುವುದಕ್ಕೆ ಬೆಲೆಯುಂಟು. ಒಂದು ಸಾವಿರ ಘನ ಮೀಟರು ನೀರನ್ನು ಐವತ್ತು ಮೀಟರು ಮೇಲೇರಿಸಲು ಕನಿಷ್ಠ 136 ಯೂನಿಟ್ಟು ವಿದ್ಯುತ್ತು ಬೇಕು. ಪಂಪಿನ ನಷ್ಟವನ್ನು ಸೇರಿಸಿದರೆ ಅದು ಇನ್ನೂರರ ಹತ್ತಿರ ಬರುತ್ತದೆ. ಮೇಲಾಗಿ ಕಾವೇರಿ ಕಣಿವೆಯಲ್ಲಿ ಕರ್ನಾಟಕದ ಪಾಲು 284.75 ಟಿ.ಎಂ.ಸಿ. ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನಿಗದಿಮಾಡಿದೆ. ಹೊಸ ಅಣೆಕಟ್ಟನ್ನು ಕಟ್ಟಿದ ಮಾತ್ರಕ್ಕೆ ಆ ಪಾಲು ಬೆಳೆಯದು. ಮುಳುಗುವ ಊರುಗಳ ಸಂಕಟವಂತೂ ಬೇರೆ.

ಹಾಗಾದರೆ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯಬಹುದೆ? ಒಂದು ಹೆಕ್ಟೇರಿನ ಮೇಲೆ ಒಂದು ಸೆಂಟಿಮೀಟರು ಮಳೆ ಸುರಿದರೆ ಅದು ಒಂದು ಲಕ್ಷ ಲೀಟರು ನೀರು. ಮೇಲೆ ಇಪ್ಪತ್ತು ಮೀಟರು ಚೌಕವಾಗಿ, ಮೂರು ಮೀಟರು ಆಳಕ್ಕೆ, ಅಂಚುಗಳನ್ನು ಓರೆಯಾಗಿ ತೋಡಿದ ಕೃಷಿಹೊಂಡದಲ್ಲಿ ಸುಮಾರು 870 ಘನ ಮೀಟರು ನಿಲ್ಲುತ್ತದೆ. ಎಕರೆಗೆ ಐದು ಸೆಂಟಿಮೀಟರಿನಂತೆ ಹಾಯಿಸಿದರೆ ನಾಲ್ಕು ಸಲಕ್ಕೆ ಆಯಿತು. ಭತ್ತಕ್ಕೆ ಇದು ಏನೇನೂ ಸಾಲದು. ಆದರೆ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟ ರಾಗಿಯನ್ನು ಉಳಿಸಲು ಒಂದೆರಡು ಸಲದ ನೀರು ಸಾಕಾಗುತ್ತದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಲ್ಲಿ ಇಂತಹ ಹೊಂಡಗಳಿಗೆ ಸಹಾಯಧನವನ್ನು ಕೊಟ್ಟರು.

ಕೂಡಿಟ್ಟ ನೀರಿನ ಶತ್ರು ಬಿಸಿಲು. ದಿನಕ್ಕೆ ಐದು ಮಿಲಿಮೀಟರು ಆವಿಯಾದರೂ ನೂರು ದಿನಗಳಲ್ಲಿ ಅರ್ಧ ಮೀಟರು ನೀರು ಹೋಗುತ್ತದೆ. ಎರಡು ಮೀಟರು ಆಳದ ಕೆರೆಗೆ ಅದು ಕಾಲು ಭಾಗದ ನಷ್ಟ; ಹೂಳು ತುಂಬಿ ಒಂದೇ ಮೀಟರು ಉಳಿದ ಕೆರೆಗೆ ಅರ್ಧ ಭಾಗ! ಆವಿಯು ನೀರಿನ ಹರವನ್ನು ನೋಡುತ್ತದೆಯೇ ಹೊರತು ಆಳವನ್ನಲ್ಲ. ಆದುದರಿಂದ ಕೆರೆಯನ್ನು ಅಗಲಿಸುವುದಕ್ಕಿಂತ ಹೂಳೆತ್ತುವುದು ಲೇಸು. ಎತ್ತಿದ ಗೋಡು ಹೊಲಕ್ಕೆ ಗೊಬ್ಬರವೂ ಆದೀತು.

ಬೇಸಗೆಯಲ್ಲಿ ಕೆರೆ ಬತ್ತಿದಾಗ ಅಂಗಳದಲ್ಲಿ ಅಲ್ಲಲ್ಲಿ ಗುಂಡಿ ತೋಡಿ ಹೂಳಿನ ದಪ್ಪವನ್ನು ಅಳೆಯುವ ಕೆಲಸವನ್ನು ವಿದ್ಯಾರ್ಥಿಗಳೂ ಮಾಡಬಹುದು. ಹೂಳಿನ ಕೆಳಗಿನ ಜೇಡಿಯ ಪದರವು ಸಿಕ್ಕಿದೊಡನೆ ನಿಲ್ಲಿಸಬೇಕು. ಅದನ್ನು ಭೇದಿಸಿದರೆ ಅಡಿಯ ಶಿಥಿಲವಾದ ಬಂಡೆಯ ಬಿರುಕುಗಳಲ್ಲಿ ನೀರು ಇಂಗಿಹೋಗುತ್ತದೆ. ಕೆರೆ ಬೇಗ ಬತ್ತಿದರೂ ಏರಿಯ ಕೆಳಗಿನ ಬಾವಿಗಳಲ್ಲಿ ಅದೇ ನೀರು ಬಿಸಿಲಿನ ಕಣ್ಣಿಗೆ ಬೀಳದೆ ಕೆಲವು ತಿಂಗಳು ನಿಲ್ಲುವುದೂ ಉಂಟು.